ಸುಸ್ತಿನ ಡಬ್ಬಿ

ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳ ರಜಾಚೀಟಿಗಳನ್ನು ಓದುತ್ತಾ ಬಂದಿದ್ದೇನೆ. ಜ್ವರ, ಹೊಟ್ಟೆನೋವು, ಅಕ್ಕನ ಮದುವೆ, ಊರ ಜಾತ್ರೆ, ಅಜ್ಜಿಯ ಸಾವು. ಒಂದೇ ಅಜ್ಜಿ ಒಂದೇ ವರ್ಷದಲ್ಲಿ ಎರಡು ಸಲ ತೀರಿಕೊಂಡದ್ದೂ ಉಂಟು. ಅಜ್ಜಿಯ ವಿಷಯವೊಂದನ್ನು ಬಿಟ್ಟರೆ ನಾನು ಮುಖ್ಯೋಪಾಧ್ಯಾಯರಿಗೆ ಬರೆದ ಅರ್ಜಿಗಳಲ್ಲೂ ಇವೇ ಕಾರಣಗಳು. ಆದರೆ ‘ಸುಸ್ತಾಗಿದೆ, ಆದ್ದರಿಂದ ದಯಮಾಡಿ ರಜೆ ಕೊಡಬೇಕು’ ಎಂದು ಬರೆದ ಚೀಟಿಯನ್ನು ಈವರೆಗೆ ನಾನು ನೋಡಿಲ್ಲ, ನಾನೂ ಬರೆದಿಲ್ಲ. ಸುಸ್ತು ಒಂದು ಕಾರಣವೇ ಅಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಹೆಣ್ಣುಮಕ್ಕಳು ತಾಯಿಯ ಸೆರಗು ಹಿಡಿದು ನಡೆಯುವಾಗಲೇ ಕಲಿತುಬಿಡುತ್ತೇವೆ.

ನಾನೀಗ ಕೆಲಸ ಮಾಡುವುದು ಕುಂಚಾವರಂನಲ್ಲಿ. ಚಿಂಚೋಳಿ ತಾಲೂಕಿನ ಕೊನೆಯ ಮಗ್ಗುಲು, ಸುತ್ತಲೂ 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಕಾಡು, ಅದರಾಚೆ ತೆಲಂಗಾಣ. ನಮ್ಮ ಮಕ್ಕಳು ತರಗತಿಯಲ್ಲಿ ಕನ್ನಡ, ಬಯಲಲ್ಲಿ ತೆಲುಗು, ತಾಂಡಾದ ಮನೆಯೊಳಗೆ ಲಂಬಾಣಿ ಮಾತಾಡುತ್ತಾರೆ. ಇಲ್ಲಿಯ ಹೆಂಗಸರು ಮೈಯಲ್ಲಿ ಶಕ್ತಿಯಿಲ್ಲ ಎನ್ನುವುದಕ್ಕೆ ‘ನೀರಸಂ’ ಎನ್ನುತ್ತಾರೆ. ಬಂದ ಹೊಸದರಲ್ಲಿ ನನಗೆ ನಗು ಬಂದಿತ್ತು, ನಮ್ಮ ಕನ್ನಡದಲ್ಲಿ ನೀರಸವೆಂದರೆ ರುಚಿಯಿಲ್ಲದ್ದು. ಈಗ ಆಲೋಚಿಸಿದರೆ ಎರಡೂ ಒಂದೇ ಎನಿಸುತ್ತದೆ. ಮೈಯೊಳಗಿನ ಸಾರ ಬತ್ತಿದ ಮೇಲೆ ಬದುಕಿಗೆ ರುಚಿ ಎಲ್ಲಿಂದ ಬರಬೇಕು? ಇದು ನನಗೆ ತಿಳಿದದ್ದು ನನ್ನ ತಂಗಿಯಿಂದ. ತಡವಾಗಿ ತಿಳಿಯಿತು ಎಂಬುದೇ ಈ ಬರಹಕ್ಕೆ ಕಾರಣ.

ನನ್ನ ತಂಗಿ ವಾಡಿಯಲ್ಲಿದ್ದಾಳೆ. ಅವಳ ಗಂಡ ರೈಲ್ವೆಯಲ್ಲಿ ನೌಕರ. ಶಹಾಬಾದ ಕಲ್ಲು ಹಾಸಿದ ಪುಟ್ಟ ಮನೆ. ಆ ನೆಲವನ್ನು ಮುಖ ಕಾಣುವಂತೆ ಒರೆಸಿ ಇಡುತ್ತಿದ್ದವಳು ಅವಳು. 2006ರಲ್ಲಿ ನಮ್ಮ ಕಡೆ ಚಿಕುನ್‌ಗುನ್ಯಾ ಬಂದದ್ದು ನಿಮಗೆ ನೆನಪಿರಬಹುದು. ಆ ವರ್ಷ ದೇಶದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಆ ಜ್ವರ ಬಂದಿರಬಹುದೆಂದು ಸರ್ಕಾರದ ಲೆಕ್ಕ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದೇ. ಓಣಿಗೆ ಓಣಿಯೇ ಸೊಂಟ ಬಗ್ಗಿಸಿ ನಡೆಯುತ್ತಿತ್ತು. ತಂಗಿಗೂ ಬಂತು, ಅವಳ ಗಂಡನಿಗೂ ಬಂತು, ಅತ್ತೆಗೂ ಬಂತು. ಉಳಿದವರು ಕೀಲುನೋವಿನಿಂದ ಒಂದೆರಡು ತಿಂಗಳು ನರಳಿ ಎದ್ದರು. ಅವಳು ಮಾತ್ರ ಏಳಲಿಲ್ಲ.

“ಅಕ್ಕಾ, ಜ್ವರ ಹೋಗ್ಯಾದ, ಮೈಯಾಗ ಶಕ್ತಿ ಮಾತ್ರ ಬರವಲ್ದು,” ಎನ್ನುತ್ತಿದ್ದಳು. ಎರಡು ಕೊಡ ನೀರು ತಂದರೆ ಎರಡು ದಿನ ಮಲಗುವಳು. ರಾತ್ರಿಯೆಲ್ಲ ನಿದ್ದೆ ಮಾಡಿದರೂ ಬೆಳಿಗ್ಗೆ ನಿದ್ದೆಗೆಟ್ಟವಳಂತೆ ಏಳುವಳು. ಒಲೆಯ ಮೇಲೆ ಹಾಲಿಟ್ಟು ಏತಕ್ಕೆ ಅಡುಗೆಮನೆಗೆ ಬಂದೆನೆಂದು ಮರೆಯುವಳು. ನಿಂತರೆ ತಲೆ ಸುತ್ತು. ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಾಗಿದೆ ಎಂದು ಬಂತು. ಒಬ್ಬ ಡಾಕ್ಟರು ಟಾನಿಕ್ಕು ಬರೆದರು, ಇನ್ನೊಬ್ಬರು ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದರು. ‘ಎಲ್ಲ ಸರಿಯಾಗಿದೆ’ ಎಂಬ ಆ ಕಾಗದ ಅವಳಿಗೆ ಶಾಪವಾಯಿತು. ಅತ್ತೆ ಓಣಿಯಲ್ಲಿ ಹೇಳಿಕೊಂಡು ಬಂದರು, “ಇಕಿಗೇನ್ ರೋಗ ಅದ? ಡಾಕ್ಟರೇ ಇಲ್ಲ ಅಂದಾರ. ಮೈಗಳ್ಳತನ ಅದ.”

ಅತ್ತೆಯನ್ನು ದೂರಿ ನಾನು ಪಾರಾಗಲಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಗ ನನಗೆ ಮನೆ, ಶಾಲೆ, ಎರಡು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಮಾವ. “ನಮಗೇನ್ ಸುಸ್ತ್ ಆಗಂಗಿಲ್ಲೇನು? ನಾವೇನ್ ಎದ್ದು ಮಾಡಂಗಿಲ್ಲೇನು?” ಎಂದು ಅವಳ ಎದುರಿಗೇ ಅಂದಿದ್ದೇನೆ. ಅಷ್ಟಕ್ಕೇ ಬಿಡಲಿಲ್ಲ. ಆ ವರ್ಷದ ದಸರಾ ರಜೆಯಲ್ಲಿ ವಾಡಿಗೆ ಹೋಗಿ, ವ್ಯಾಯಾಮ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಬೆಳಗಿನ ಐದೂವರೆಗೆ ಅವಳನ್ನು ಎಬ್ಬಿಸಿ ಕೈಹಿಡಿದು ಸ್ಟೇಷನ್ನಿನವರೆಗೆ ನಡೆಸಿದೆ. ಮೊದಲ ದಿನ ನಡೆದಳು. ಎರಡನೆಯ ದಿನ ತುಟಿಕಚ್ಚಿ ನಡೆದಳು. ‘ನೋಡು, ನಾನು ಹೇಳಲಿಲ್ಲವೇ’ ಎಂದು ಬೀಗಿದೆ. ನಾಲ್ಕನೆಯ ದಿನ ಅವಳಿಗೆ ಹಾಸಿಗೆಯಿಂದ ತಲೆ ಎತ್ತಲು ಆಗಲಿಲ್ಲ. ಬಾಗಿಲ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಸೀರೆಯ ಅಂಚಿನಿಂದ ಮುಖ ಮುಚ್ಚಿಕೊಂಡಳು. ಹದಿನೆಂಟು ದಿನ ಹಾಗೆಯೇ ಇದ್ದಳು. ನನ್ನ ರಜೆ ಮುಗಿಯಿತು, ಬಸ್ಸು ಹತ್ತಿ ಬಂದುಬಿಟ್ಟೆ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮುಂದೆ ಹದಿನೈದು ವರ್ಷ ಹಾಗೆಯೇ ಸರಿದವು. 2021ರ ಮೇ ತಿಂಗಳಲ್ಲಿ ನನಗೆ ಕೊರೋನಾ ಬಂತು. ಆಸ್ಪತ್ರೆಗೆ ಹೋಗುವಂಥದ್ದೇನಾಗಲಿಲ್ಲ, ಆದರೆ ಜ್ವರ ಬಿಟ್ಟ ಮೇಲೆ ನಾಲ್ಕು ತಿಂಗಳು ನಾನು ನಾನಾಗಿರಲಿಲ್ಲ. ಕರಿಹಲಗೆಯ ಮೇಲೆ ಅರ್ಧ ವಾಕ್ಯ ಬರೆದು ಉಳಿದದ್ದನ್ನು ಮರೆತು ನಿಂತಿದ್ದೇನೆ. ಬಟ್ಟೆ ಒಗೆದ ದಿನ ಏನೂ ಆಗದು, ಮರುದಿನ ಮೈ ಕುಸಿದುಬೀಳುವುದು. ಒಂದು ಸಂಜೆ ಹಾಗೆ ಮಲಗಿ ಸೂರು ನೋಡುತ್ತಿರುವಾಗ ವಾಡಿಯ ಆ ದಸರಾ ಕಣ್ಣಿಗೆ ಕಟ್ಟಿತು. ನನ್ನದು ನಾಲ್ಕು ತಿಂಗಳಲ್ಲಿ ಹೋಯಿತು. ಅವಳದು ಹದಿನೈದು ವರ್ಷದಿಂದ ಹೋಗಿಲ್ಲ. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ತಂಗಿಯ ಮಗಳು ಆಗ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊರೋನಾದ ನಂತರ ಇಂಥ ದಣಿವಿನ ಬಗ್ಗೆ ಎಲ್ಲೆಲ್ಲೂ ಮಾತು ಎದ್ದಾಗ ಅವಳು ಓದಿ ತಿಳಿದು, 2022ರಲ್ಲಿ ತಾಯಿಯನ್ನು ಬೆಂಗಳೂರಿನ ಒಬ್ಬ ವೈದ್ಯರಿಗೆ ತೋರಿಸಿದಳು. ಅವರು ಒಂದು ತಾಸು ಕುಳಿತು ಕೇಳಿದರು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಕ್ಷಯ ಎಲ್ಲ ಪರೀಕ್ಷಿಸಿ, ಇವು ಯಾವುವೂ ಅಲ್ಲವೆಂದು ಖಚಿತವಾದ ಮೇಲೆ ಹೆಸರು ಹೇಳಿದರು: ಕ್ರಾನಿಕ್ ಫಟೀಗ್ ಸಿಂಡ್ರೋಮ್, ಎಂದರೆ ದೀರ್ಘಕಾಲದ ದಣಿವಿನ ರೋಗ. ಎಂ.ಇ. ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ ಎಂದೂ ಹೇಳಿದರು. ಅಷ್ಟು ಕೇಳಿಯೂ ತಂಗಿ ಫೋನಿನಲ್ಲಿ ನಗುತ್ತಿದ್ದಳು. “ಅಕ್ಕಾ, ನನ್ನ ರೋಗಕ್ಕ ಹೆಸರದ!” ಎಂದಳು. ಹದಿನಾರು ವರ್ಷ ಮೈಗಳ್ಳಿ ಎನಿಸಿಕೊಂಡವಳಿಗೆ ರೋಗಿ ಎನಿಸಿಕೊಳ್ಳುವುದೂ ಒಂದು ಮರ್ಯಾದೆಯಾಗಿ ಕಂಡಿತು.

ಆಮೇಲೆ ನಾನೂ ಅದರ ಕಥೆಯನ್ನು ಹುಡುಕಿ ಓದಿದೆ. 1955ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನರ್ಸುಗಳು, ಡಾಕ್ಟರುಗಳು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರಂತೆ. ಸುಮಾರು ಮುನ್ನೂರು ಜನ. ಆಸ್ಪತ್ರೆಯನ್ನೇ ಅಕ್ಟೋಬರದವರೆಗೆ ಮುಚ್ಚಬೇಕಾಯಿತು. ಹದಿನೈದು ವರ್ಷದ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಾಗದಪತ್ರಗಳನ್ನು ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ತೀರ್ಮಾನ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಮಲಗಿದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು! ರೋಗಿಗಳನ್ನು ಅವರು ಕಣ್ಣಾರೆ ನೋಡಿ ಪರೀಕ್ಷಿಸಿರಲಿಲ್ಲ. ಇದನ್ನು ಓದಿದಾಗ ವಾಡಿಯ ಅತ್ತೆಯ ಮಾತೂ ಲಂಡನ್ನಿನ ವಿದ್ವಾಂಸರ ಮಾತೂ ಒಂದೇ ಒಲೆಯಲ್ಲಿ ಬೆಂದದ್ದು ಎನಿಸಿತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದೊಡ್ಡ ವರದಿ ಹೊರತಂದು, ಇದು ನಿಜವಾದ, ಮೈಯನ್ನು ಹಿಡಿಯುವ ರೋಗವೆಂದು ಸಾರಿತು. ಆ ದೇಶದಲ್ಲಿ ಎಂಟು ಲಕ್ಷದಿಂದ ಇಪ್ಪತ್ತೈದು ಲಕ್ಷದವರೆಗೆ ಜನ ಇದರಿಂದ ನರಳುತ್ತಿರಬಹುದೆಂದೂ, ಹೆಚ್ಚಿನವರಿಗೆ ತಮ್ಮ ರೋಗದ ಹೆಸರೇ ಗೊತ್ತಿಲ್ಲವೆಂದೂ ಹೇಳಿತು. ಶ್ರಮಪಟ್ಟ ಒಂದೆರಡು ದಿನದ ಮೇಲೆ ಬರುವ ಕುಸಿತವೇ ಅದರ ಮುಖ್ಯ ಗುರುತು. 2021ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆಯವರು, ದಿನದಿನಕ್ಕೆ ಹೆಚ್ಚಿಸುತ್ತ ಹೋಗುವ ವ್ಯಾಯಾಮವನ್ನು ಈ ರೋಗಿಗಳಿಗೆ ಹೇಳಕೂಡದೆಂದು ವೈದ್ಯರಿಗೆ ಸೂಚನೆ ಕೊಟ್ಟರು. ಅದನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ನಾನು 2006ರಲ್ಲಿ ಮಾಡಿಸಿದ್ದು ಅದನ್ನೇ.

ಇಷ್ಟು ವರ್ಷ ತಿರಸ್ಕಾರಕ್ಕೆ ಗುರಿಯಾದ ರೋಗವನ್ನು ಸಂಶೋಧನೆಯ ಮೇಜಿನ ತನಕ ತಂದವರು ಯಾರು? ಬಹುಮಟ್ಟಿಗೆ ರೋಗಿಗಳ ಮನೆಯವರು, ಅವರು ಕೂಡಿಸಿದ ದುಡ್ಡು. ಇದು ಹೊಸ ದಾರಿಯೇನೂ ಅಲ್ಲ. ಪೋಲಿಯೋ ಕಥೆ ನೋಡಿ. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡಿದ್ದ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1938ರಲ್ಲಿ ಒಂದು ಸಂಸ್ಥೆ ಕಟ್ಟಿದಾಗ, ಜನ ಹತ್ತು ಸೆಂಟಿನ ಸಣ್ಣ ನಾಣ್ಯ ಕಳಿಸಿದರು. ಆ ನಾಣ್ಯದ ಹೆಸರಿನಿಂದಲೇ ಅದಕ್ಕೆ ‘ಮಾರ್ಚ್ ಆಫ್ ಡೈಮ್ಸ್’ ಎಂದಾಯಿತು. ಆ ಚಿಲ್ಲರೆಯ ಬಲದಿಂದಲೇ ಡಾಕ್ಟರ್ ಸಾಕ್ ಅವರ ಲಸಿಕೆ ಸಿದ್ಧವಾಗಿ 1955ರ ಏಪ್ರಿಲ್‌ನಲ್ಲಿ ಅದರ ಗೆಲುವನ್ನು ಸಾರಿದ್ದು. ಅದೇ ವರ್ಷ, ಮೂರು ತಿಂಗಳ ನಂತರ, ರಾಯಲ್ ಫ್ರೀ ಆಸ್ಪತ್ರೆಯ ನರ್ಸುಗಳು ಮಲಗಿದ್ದು. ಕಾಲು ಸೊರಗಿದ ಮಗುವಿನ ಚಿತ್ರ ನೋಡಿ ಜನರ ಕರುಳು ಕರಗುತ್ತದೆ, ನಾಣ್ಯ ಬೀಳುತ್ತದೆ. ನೋಡಲು ಚೆನ್ನಾಗಿಯೇ ಇದ್ದು ಮಲಗಿದ ಹೆಂಗಸಿನ ಚಿತ್ರಕ್ಕೆ ಯಾರು ನಾಣ್ಯ ಹಾಕುತ್ತಾರೆ?

ಹಾಕಿದವರು ಇದ್ದಾರೆ. ಅಮೆರಿಕದಲ್ಲಿ ಲಿಂಡಾ ಟ್ಯಾನನ್‌ಬಾಮ್ ಎಂಬ ತಾಯಿ, ಮಗಳು ಈ ರೋಗದಿಂದ ಮಲಗಿದ ಮೇಲೆ, 2012ರಲ್ಲಿ ಓಪನ್ ಮೆಡಿಸಿನ್ ಫೌಂಡೇಶನ್ ಎಂಬ ಸಂಸ್ಥೆ ಆರಂಭಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾನ್ ಡೇವಿಸ್ ದೊಡ್ಡ ತಳಿವಿಜ್ಞಾನಿ. ಅವರ ಮಗನಿಗೆ ಈ ರೋಗ ಎಷ್ಟು ಉಲ್ಬಣಿಸಿತೆಂದರೆ ಮಾತೂ ಇಲ್ಲ, ಊಟವೂ ಇಲ್ಲ, ಕೊಳವೆಯ ಆಹಾರ. ತಂದೆ ಉಳಿದ ಕೆಲಸ ಬದಿಗಿಟ್ಟು ಮಗನ ರೋಗದ ಬೆನ್ನು ಹತ್ತಿದರು. ದಾನಿಗಳ ಹಣ ಅವರ ಕೈಹಿಡಿಯಿತು. 2019ರಲ್ಲಿ ಅವರ ತಂಡ ಇಪ್ಪತ್ತು ರೋಗಿಗಳ, ಇಪ್ಪತ್ತು ಆರೋಗ್ಯವಂತರ ರಕ್ತಕ್ಕೆ ಉಪ್ಪಿನ ಒತ್ತಡ ಕೊಟ್ಟು ನೋಡಿ, ಎರಡರ ನಡುವೆ ವ್ಯತ್ಯಾಸ ಕಂಡಿತು. ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಯಾಗಿ ಅದು ಇನ್ನೂ ಬಂದಿಲ್ಲ. ಆದರೂ ‘ಎಲ್ಲ ಸರಿಯಾಗಿದೆ’ ಎಂಬ ಕಾಗದಕ್ಕೆ ಅದೊಂದು ಉತ್ತರ. ಬ್ರಿಟನ್ನಿನಲ್ಲಿ ‘ಡಿಕೋಡ್ ಎಂ.ಇ.’ ಎಂಬ ಕೆಲಸಕ್ಕೆ ಸರ್ಕಾರವೇ ಹಣ ಕೊಟ್ಟಿತು, ರೋಗಿಗಳೂ ಅವರ ಸೇವಾಸಂಸ್ಥೆಯೂ ಜೊತೆ ನಿಂತರು. ಏಳಲಾಗದವರು ಮಲಗಿದಲ್ಲಿಂದಲೇ ಪುಟ್ಟ ನಳಿಕೆಯಲ್ಲಿ ಜೊಲ್ಲು ತುಂಬಿ ಅಂಚೆಗೆ ಹಾಕಿದರು. ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳ ಜೊಲ್ಲನ್ನು ಪರೀಕ್ಷಿಸಿ, ವಂಶವಾಹಿಯ ಎಂಟು ಕಡೆಗಳಲ್ಲಿ ಈ ರೋಗದ ನಂಟು ಕಾಣುತ್ತದೆ ಎಂದು 2025ರ ಆಗಸ್ಟಿನಲ್ಲಿ ಹೇಳಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿಯವರ ಚಹಾದ ಕೂಟ. ಮೇ 12 ನರ್ಸುಗಳ ತಾಯಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಅದೇ ಈ ರೋಗದ ದಿನವೂ ಹೌದು. ಅದರ ಆಸುಪಾಸಿನ ಒಂದು ಭಾನುವಾರ ‘ಬ್ಲೂ ಸಂಡೇ’ ಎಂದು ಮಾಡಿ, ನಾಲ್ಕು ಜನ ಸೇರಿ ಚಹಾ ಕುಡಿದು, ಹೋಟೆಲಿನಲ್ಲಾದರೆ ಕೊಡುತ್ತಿದ್ದ ದುಡ್ಡನ್ನು ನಿಧಿಗೆ ಹಾಕುತ್ತಾರೆ. ಬರಲಾಗದ ರೋಗಿಗಳು ಹಾಸಿಗೆಯ ಮೇಲೆಯೇ ಒಂದು ಕಪ್ಪು ಹಿಡಿದು ಕೂಟಕ್ಕೆ ಸೇರಿದಂತಾಗುತ್ತದೆ. ಇದು ನಮ್ಮಿಂದಲೂ ಆಗುವಂಥದ್ದೇ ಎನಿಸಿತು. ಅಕ್ಟೋಬರ್ 2 ಬಂದರೆ ಟಿ.ಬಿ. ಸೀಲುಗಳ ಹಾಳೆ ಹಿಡಿದು ವರ್ಷವರ್ಷವೂ ಮಕ್ಕಳಿಗೆ ಮಾರಿದವಳು ನಾನು. ಮಿಕ್ಕವನ್ನು ನಾನೇ ಕೊಂಡು ಲೆಕ್ಕ ಮುಗಿಸಿದ್ದೂ ಉಂಟು.

2023ರ ಜೂನಿನಲ್ಲಿ ಶಾಲೆ ತೆರೆದ ಮೊದಲ ಶನಿವಾರ ಸ್ಟಾಫ್ ರೂಮಿನಲ್ಲಿ ಚಹಾ ಕಾಯಿಸಿ, ಖಾಲಿ ಬಿಸ್ಕಿಟ್ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊಯ್ದು ಮೇಜಿನ ಮೇಲಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾಕ್ಕೆ ಹತ್ತು ರೂಪಾಯಿ, ಅದನ್ನು ಇಲ್ಲಿ ಹಾಕಿ ಎಂದೆ. ಏತಕ್ಕೆಂದು ಹೇಳಿದೆ. ನಗು ಎದ್ದಿತು. “ಸುಸ್ತಿಗೂ ಚಂದಾ ಎತ್ತತೀರೇನ್ರಿ ಮೇಡಂ? ಹಂಗಾದ್ರ ಡಬ್ಬಿ ನಮಗೇ ಕೊಡ್ರಿ,” ಎಂದರು ಗಣಿತದ ಮಾಸ್ತರರು. ನಕ್ಕರೂ ಹಾಕಿದರು. ಅಂದಿನಿಂದ ಅದಕ್ಕೆ ಸುಸ್ತಿನ ಡಬ್ಬಿ ಎಂದೇ ಹೆಸರಾಯಿತು. ಶನಿವಾರಕ್ಕೊಂದು ಚಹಾ, ತಲೆಗೆ ಹತ್ತು ರೂಪಾಯಿ. ತಂಗಿ ವಾಡಿಯಿಂದ ಫೋನಿನಲ್ಲಿ ಕೂಡುತ್ತಿದ್ದಳು. ಮಾತಾಡಲು ಶಕ್ತಿ ಇಲ್ಲದ ದಿನ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಮೂರೋ ನಾಲ್ಕೋ ವಾರದ ಮೇಲೆ ಬಿಸಿಯೂಟದ ಅಡುಗೆಯಾಕೆ ಲೋಟ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತಳು. ಹತ್ತಿರದ ತಾಂಡಾದವಳು, ವರ್ಷದಲ್ಲಿ ಕೆಲವು ತಿಂಗಳು ಅವಳ ಮಕ್ಕಳು ಸೊಸೆಯಂದಿರು ಪುಣೆಗೆ ದುಡಿಯಲು ಹೋದಾಗ ನಾಲ್ಕು ಮೊಮ್ಮಕ್ಕಳು ಇವಳ ಕೊರಳಿಗೆ. “ಅಕ್ಕೋರೆ, ಸುಸ್ತಿಗೂ ರೋಗ ಅಂತಾರೇನ್ರಿ? ಹಂಗಾದ್ರ ನನಗ ಹುಟ್ಟಿದಾಗಿಂದ ಅದ,” ಎಂದು ನಕ್ಕು, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಡಬ್ಬಿಗೆ ಹಾಕಿಬಿಟ್ಟಳು. ಬೇಡವೆಂದರೂ ಕೇಳಲಿಲ್ಲ. ಆ ನೋಟು ಬಿದ್ದಾಗ ಯಾರೂ ನಗಲಿಲ್ಲ.

ಅವತ್ತು ನನಗೆ ನೆನಪಾದದ್ದು ನಮ್ಮ ಪಕ್ಕದ ಗೋವಾ. ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಅಲ್ಲಿ 2001ರಿಂದ 2003ರವರೆಗೆ ಹದಿನೆಂಟರಿಂದ ಐವತ್ತು ವಯಸ್ಸಿನ ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಭೇಟಿ ಮಾಡಿ, ಆರು ತಿಂಗಳು ಮೀರಿದ ಆಯಾಸ ಇದೆಯೇ ಎಂದು ಕೇಳಿದರು. ಅದಕ್ಕೆ ಹಣ ಕೊಟ್ಟದ್ದು ವೆಲ್‌ಕಮ್ ಟ್ರಸ್ಟ್ ಎಂಬ ಬ್ರಿಟನ್ನಿನ ಧರ್ಮಸಂಸ್ಥೆ. ಔಷಧದ ವ್ಯಾಪಾರದಲ್ಲಿ ಗಳಿಸಿದ ಹೆನ್ರಿ ವೆಲ್‌ಕಮ್ ಅವರ ಉಯಿಲಿನಿಂದ 1936ರಲ್ಲಿ ಹುಟ್ಟಿದ್ದು. ನೂರಕ್ಕೆ ಹನ್ನೆರಡು ಹೆಂಗಸರು ‘ಇದೆ’ ಎಂದರು. ಯಾರಿಗೆ ಹೆಚ್ಚು? ವಯಸ್ಸಾದವರಿಗೆ, ಓದಿಲ್ಲದವರಿಗೆ, ಮನೆಯಲ್ಲಿ ಸಾಲವಿರುವವರಿಗೆ, ಹಸಿದವರಿಗೆ, ಗಂಡನ ಹಿಂಸೆ ಅನುಭವಿಸಿದವರಿಗೆ, ಮನಸ್ಸು ನೊಂದವರಿಗೆ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇದು ಪ್ರಕಟವಾಯಿತು. ಅವರೆಲ್ಲರದೂ ನನ್ನ ತಂಗಿಯ ರೋಗವಲ್ಲ. ಆದರೆ ಯಾರೋ ಮನೆಬಾಗಿಲಿಗೆ ಹೋಗಿ ‘ನಿನಗೆ ದಣಿವಿದೆಯೇ?’ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡರಲ್ಲ! ನಮ್ಮ ಅಡುಗೆಯಾಕೆಯನ್ನು ಅಷ್ಟು ವರ್ಷ ದಿನಾ ನೋಡಿಯೂ ನಾನು ಕೇಳಿರಲಿಲ್ಲ.

ತಂಗಿಗೆ ಫೋನಿನಲ್ಲಿ ಹೇಳಿದೆ. ಅವಳೆಂದಳು, “ಮೊದಲ ಆಕೀನ ರಕ್ತ ತೋರಿಸು ಅಕ್ಕಾ. ಎಲ್ಲಾ ಸುಸ್ತು ನಂದಲ್ಲ.” ಸೋಮವಾರ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗೆ ಒಂದು ಪೈಸೆ ಖರ್ಚಾಗಲಿಲ್ಲ. ಕರೆದುಕೊಂಡು ಹೋಗುವವರು ಬೇಕಾಗಿತ್ತು, ಅಷ್ಟೇ. ಹಿಮೋಗ್ಲೋಬಿನ್ ಏಳೂವರೆ. ಹನ್ನೆರಡಾದರೂ ಇರಬೇಕಾದ ಜಾಗದಲ್ಲಿ ಏಳೂವರೆ ಇಟ್ಟುಕೊಂಡು ಆಕೆ ಇನ್ನೂರು ಮಕ್ಕಳಿಗೆ ಅನ್ನ ಬಸಿಯುತ್ತಿದ್ದಳು. 2019-20ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ನಲವತ್ತೆಂಟು ಜನರಿಗೆ ರಕ್ತಹೀನತೆ ಇತ್ತು. ಮಾತ್ರೆ ಕೊಟ್ಟರು, ಡಾಕ್ಟರಮ್ಮ ಹೇಳಿದಂತೆ ತಪ್ಪದೆ ನುಂಗಿಸಿದೆವು. ದೀಪಾವಳಿಯ ಹೊತ್ತಿಗೆ ಆಕೆಯ ನಡಿಗೆಯೇ ಬದಲಾಗಿತ್ತು. “ಅಕ್ಕೋರೆ, ಈಗ ಮೆಟ್ಲ ಹತ್ತಿದ್ರ ಎದಿ ಹೊಡ್ಕೊಳಂಗಿಲ್ರಿ,” ಎಂದಳು.

ಈ ಸಂತೋಷವನ್ನು ಹೇಳಲು ತಂಗಿಗೆ ಫೋನು ಮಾಡಿದೆ. ಅವಳೂ ಸಂತೋಷಪಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕೀದು ಮಾತ್ರೆಗೆ ಹೋಯ್ತು ಅಕ್ಕಾ. ನಂದಕ್ಕ ಮಾತ್ರೆ ಇನ್ನಾ ಬಂದಿಲ್ಲ. ಡಬ್ಬಿ ಹಂಗೇ ಇರಲಿ,” ಎಂದಳು.

ಡಬ್ಬಿ ಹಾಗೆಯೇ ಇದೆ. ವರ್ಷದ ಕೊನೆಗೆ ಎಣಿಸಿದಾಗ ಎರಡು ಸಾವಿರದ ನೂರ ನಲವತ್ತು ರೂಪಾಯಿ ಆಗಿತ್ತು. ತಂಗಿಯ ಮಗಳು ಅದನ್ನು ಸಂಶೋಧನೆಯ ನಿಧಿಯೊಂದಕ್ಕೆ ಕಳಿಸಿದಳು. ಅಷ್ಟರಲ್ಲಿ ಅಲ್ಲಿ ನಾಲ್ಕು ಗಾಜಿನ ನಳಿಕೆಗಳು ಬಂದಾವೋ ಇಲ್ಲವೋ. ಆದರೆ ಪೋಲಿಯೋ ಕಥೆಯಲ್ಲಿ ಯಾವ ನಾಣ್ಯಕ್ಕೂ ‘ನೀನು ಸಣ್ಣದು’ ಎಂದು ಯಾರೂ ಹೇಳಲಿಲ್ಲ. 2014ರಲ್ಲಿ ನಮ್ಮ ದೇಶವೂ ಪೋಲಿಯೋಮುಕ್ತವಾಯಿತು. ಹನಿ ಹಾಕಿಸಲು ಮನೆಮನೆ ತಿರುಗಿದ ಶಿಕ್ಷಕಿಯರಲ್ಲಿ ನಾನೂ ಒಬ್ಬಳು. ಅದಕ್ಕೇ ನನಗೆ ಸಣ್ಣ ನಾಣ್ಯದ ಮೇಲೆ ನಂಬಿಕೆ.

ತಂಗಿ ಈಗ ತನ್ನ ಶಕ್ತಿಯನ್ನು ಅಳೆದು ಖರ್ಚು ಮಾಡುತ್ತಾಳೆ. ಸ್ನಾನದ ದಿನ ಅಡುಗೆ ಇಲ್ಲ, ಅಡುಗೆಯ ದಿನ ಸ್ನಾನ ಇಲ್ಲ. ಅವಳ ಗಂಡ ನೆಲ ಒರೆಸುವುದನ್ನು ಕಲಿತಿದ್ದಾರೆ, ಮುಖ ಕಾಣುವಷ್ಟು ಅಲ್ಲದಿದ್ದರೂ. ಕಳೆದ ದಸರಾ ರಜೆಯಲ್ಲಿ ಹೋಗಿದ್ದೆ. ಬೆಳಿಗ್ಗೆ ಐದೂವರೆಗೆ ರೈಲಿನ ಕೂಗಿಗೆ ಎಚ್ಚರವಾಯಿತು. ಅವಳು ಮಲಗಿದ್ದಳು. ಎಬ್ಬಿಸಲಿಲ್ಲ. ಎದ್ದು ಚಹಾ ಮಾಡಿ, ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಅವಳಿಗೆ ಎಚ್ಚರವಾಗುವವರೆಗೆ ಕುಳಿತಿದ್ದೆ.

ನಿಮ್ಮ ಮನೆಯಲ್ಲೂ ‘ಸುಸ್ತು’ ಎನ್ನುವ ಒಬ್ಬಳು ಇರಬಹುದು. ‘ನಮಗೇನು ಆಗುವುದಿಲ್ಲವೇ’ ಎಂಬ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ತಡೆಯಿರಿ. ಮೊದಲು ರಕ್ತ ತೋರಿಸಿ. ಎಲ್ಲ ಸರಿಯಾಗಿದೆ ಎಂದು ಕಾಗದ ಬಂದರೂ, ಕಾಗದಕ್ಕಿಂತ ಅವಳನ್ನು ಹೆಚ್ಚು ನಂಬಿ. ನಾನು ಇದನ್ನು ಕಲಿಯಲು ಹದಿನೈದು ವರ್ಷ ತೆಗೆದುಕೊಂಡೆ, ಅದೂ ಬಿ.ಎ., ಬಿ.ಎಡ್. ಮಾಡಿದವಳು.